ಸೆರಗಿನ ಬೆನ್ನು

ನಮ್ಮ ಅತ್ತಿಗೆ ಯಾರ ಸೀರೆಯನ್ನೂ ಮುಂಭಾಗದಿಂದ ನೋಡಿದವರಲ್ಲ. ಬಸ್ಸಿನ ಸಾಲಿನಲ್ಲಿ ನಿಂತ ಅಪರಿಚಿತೆಯ ಸೆರಗನ್ನೂ "ಎಲ್ಲಿ, ತೋರ್ಸಿ" ಎಂದು ಮಗುಚಿ, ಕೈನೇಯ್ಗೆಯೋ ಯಂತ್ರದ್ದೋ ಎಂದು ಅದರ ಬೆನ್ನನ್ನು ಪರೀಕ್ಷಿಸಿದರೇ ಅವರಿಗೆ ಸಮಾಧಾನ. ಅಣ್ಣನ ಹಳೆಯ ಕೋಟನ್ನು ಸೀರೆಯ ಮೇಲೆ ತೊಟ್ಟು, ಜೇಬಿನ ಭೂತಗನ್ನಡಿ ತೊಡೆಗೆ ಬಡಿಯುವಂತೆ ದಾಪುಗಾಲು ಹಾಕುತ್ತ ಬರುವ ಅವರನ್ನು ಕಂಡರೆ ನೆಂಟರು ಮುಖ ತಿರುಗಿಸುತ್ತಿದ್ದರು, ಜವಳಿ ಅಂಗಡಿಯವರು ಬೆವರುತ್ತಿದ್ದರು.

ನಮ್ಮ ಬೀದಿಯಲ್ಲಿ ನೇಕಾರರು ಕಾಲಿಳಿಸಿ ಕೂರುವ ಮಗ್ಗದ ಕುಣಿಗಳಿಗೆ ಒಂದೊಂದಾಗಿ ಮಣ್ಣು ಬಿದ್ದು, ಅಣ್ಣನೂ ತನ್ನದನ್ನು ಮುಚ್ಚಲು ಹೊರಟಾಗ ಅಡ್ಡ ನಿಂತವರು ಅವರೇ. ಅಜ್ಜಿಯರ ಕಾಲದ ಹೂಬಳ್ಳಿಯನ್ನು ಬದಿಗಿಟ್ಟು, ಕಚೇರಿಗೆ ಹೋಗುವ ಹೆಣ್ಣುಮಕ್ಕಳು ಇಷ್ಟಪಟ್ಟು ಉಡುವಂಥ ಬೂದಿಬಣ್ಣದ ಹಗುರ ಸೀರೆಯನ್ನು, ಅದರ ಸೆರಗಿನಲ್ಲಿ ಮೇಲೇರುವ ಕೆಂಪು ಮೆಟ್ಟಿಲುಗಳ ಸಾಲನ್ನು ಬರೆದುಕೊಟ್ಟರು. ಮೊದಲ ಸೀರೆಯಲ್ಲೇ ಅಣ್ಣ ಒಂದು ಮೆಟ್ಟಿಲು ಮರೆತ. ಬಿಚ್ಚಲು ಹೋದವನನ್ನು ತಡೆದು, ಇರಲಿ, ಕೈಯಿಂದ ನೇಯ್ದದ್ದಕ್ಕೆ ಗುರುತಾಗುತ್ತದೆ ಎಂದರು. ಅಂದಿನಿಂದ ಪ್ರತಿ ಸೀರೆಯಲ್ಲೂ ಅವನು ತನಗೆ ತೋಚಿದ ಕಡೆ ಒಂದು ಮೆಟ್ಟಿಲು ಬಿಡುತ್ತಿದ್ದ, ಉಟ್ಟವರು ಅದನ್ನು ಹುಡುಕಿ ನಗುತ್ತಿದ್ದರು. ಮಗ್ಗ ಉಳಿಯಿತು.

ಆಮೇಲೆ ಪೇಟೆಯ ದೊಡ್ಡ ಅಂಗಡಿಯಲ್ಲಿ ಅದೇ ಸೀರೆ ಅರ್ಧ ಬೆಲೆಗೆ, 'ಅಪ್ಪಟ ಕೈಮಗ್ಗ' ಎಂಬ ಚೀಟಿ ಹೊತ್ತು ರಾಶಿ ಬಿತ್ತು. ನಮ್ಮ ಗಿರಾಕಿಗಳೇ ಅಲ್ಲಿ ಮುಗಿಬಿದ್ದರು. ನನಗಂತೂ ಮೈಯೆಲ್ಲ ಉರಿದುಹೋಯಿತು. ವಿನ್ಯಾಸ ಕದ್ದದ್ದು ಸಾಲದೆಂದು, ಯಂತ್ರದ ಮಾಲಿಗೆ ನಮ್ಮ ಕೈಯ ಹೆಸರನ್ನೂ ಅಂಟಿಸುವ ಈ ನಾಚಿಕೆಗೇಡಿತನಕ್ಕೆ ಏನೆನ್ನಬೇಕು? ಅತ್ತಿಗೆ ಕೋಟು ತೊಟ್ಟು ಹೊರಟರು, ನಾನೂ ಹಿಂದೆಯೇ ಹೋದೆ.

"ಎಲ್ಲಿ, ತೋರ್ಸಿ" ಎಂದು ಸೀರೆಯ ಮೇಲೆ ಸೀರೆ ಬಿಡಿಸಿ, ಮೇಜಿನುದ್ದಕ್ಕೂ ಸೆರಗು ಮಗುಚಿದರು. ಎಲ್ಲದರಲ್ಲೂ ಮೆಟ್ಟಿಲು ಬಿಟ್ಟುಹೋದದ್ದು ಒಂದೇ ಜಾಗದಲ್ಲಿ, ಒಂದೆಳೆಯೂ ಆಚೀಚೆಯಾಗದಂತೆ.

"ನಮ್ಮೆಜಮಾನ್ರೂ ತಪ್ಪು ಮಾಡ್ತಾರೆ ಸ್ವಾಮಿ," ಎಂದರು, ಕೊಳ್ಳಲು ಬಂದವರಿಗೆಲ್ಲ ಕೇಳುವಂತೆ. "ಮಾಡಿದ ಜಾಗದಲ್ಲೇ ಮತ್ತೆ ಮತ್ತೆ ಮಾಡೋಕೆ ಅವರೇನು ಯಂತ್ರ ಅಲ್ಲ."

ಮಾಲೀಕ ನಕ್ಕ. "ಬೆನ್ನು ಯಾರು ನೋಡ್ತಾರಮ್ಮ?"

ಒಬ್ಬಾಕೆ ಮಾತ್ರ ಆರಿಸಿಕೊಂಡಿದ್ದ ಸೀರೆಯನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಉಳಿದವರು ಜಗಳಗಂಟಿ ಎಂದು ಗೊಣಗುತ್ತ ಚೌಕಾಸಿಗೆ ಮರಳಿದರು. ಅತ್ತಿಗೆ ಮನೆಗೆ ಬಂದವರೇ ಹೊಸ ವಿನ್ಯಾಸ ಬರೆಯಲು ಹಾಳೆ ಹರಡಿ ಕೂತರು, ಅಣ್ಣ ಕುಣಿಗೆ ಕಾಲಿಳಿಸಿ ಕಾದ.

ಇಂಥವರನ್ನು ಜಗಳಗಂಟಿ ಎಂದು ಕರೆದು ನಾವು ಸಭ್ಯರಾಗಿ ಉಳಿಯುತ್ತೇವೆ. ಮೋಸಗಾರನಿಗೆ ಬೇಕಾದದ್ದೂ ನಮ್ಮ ಈ ಸಭ್ಯತೆಯೇ. ಕೊಟ್ಟದ್ದನ್ನು ಮಗುಚಿ ನೋಡುವ ಒರಟರು ಇನ್ನಷ್ಟು ಮಂದಿ ಇದ್ದಿದ್ದರೆ, ನಮ್ಮ ಬೀದಿಯ ಉಳಿದ ಕುಣಿಗಳಿಗೆ ಮಣ್ಣು ಬೀಳುತ್ತಿರಲಿಲ್ಲ.