ಏನಿಲ್ಲಮ್ಮ

ಹೊಲಿಗೆ ಯಂತ್ರವನ್ನು ಇಬ್ಬರು ಎತ್ತಿ ಬಾಗಿಲಲ್ಲಿ ಓರೆ ಮಾಡಿದರು. ಅದು ಹೊರಗೆ ಹೋದರೆ ತಾನೇ ಅವಳ ಹೆಣವನ್ನು ನಡುಮನೆಯಲ್ಲಿ ಮಲಗಿಸಲು ಜಾಗ. ಕೈಜೋಡಿಸಲು ಹೋದ ಮಗಳು ಪಕ್ಕೆ ಹಿಡಿದುಕೊಂಡು ಹಿಂದೆ ಸರಿದಳು. ಯಾರೂ ನೋಡಲಿಲ್ಲ.

ಬಂದವರೆಲ್ಲ ಸತ್ತವಳ ಅಡ್ಡಹೆಸರನ್ನೇ ಹೇಳುತ್ತಿದ್ದರು. ಟೈಲರ್ ಎಂದರೆ ಯಾವ ಟೈಲರ್ ಎಂದು ಕೇಳುವವರೂ ಏನಿಲ್ಲಮ್ಮ ಎಂದರೆ ಸೀದಾ ಮನೆ ತೋರಿಸುತ್ತಿದ್ದರು. ಹೊಟ್ಟೆನೋವೆಂದು ಅವಳು ಹತ್ತದ ಆಸ್ಪತ್ರೆ ಮೆಟ್ಟಿಲಿಲ್ಲ. ಒತ್ತಿ ನೋಡಿ, ರಕ್ತ ನೋಡಿ, ಡಾಕ್ಟರುಗಳೆಲ್ಲ ಹೇಳಿ ಕಳಿಸುತ್ತಿದ್ದದ್ದು ಒಂದೇ ಮಾತು: ಏನಿಲ್ಲಮ್ಮ. ಅದನ್ನೇ ಹೆಸರು ಮಾಡಿದವನು ಗಂಡ. ಈಗ ಮೂಲೆಯ ಸ್ಟೂಲಿನಲ್ಲಿ ಕೂತಿದ್ದ.

"ಬೇಜಾರು ಮಾಡ್ಕೋಬೇಡಿ ಭಾವ, ಒಂದು ಕೇಳ್ತೀನಿ," ಎಂದಳು ನಾದಿನಿ. "ಕಾಯಿಲೆ ಇದೆ ಅಂತ ಗೊತ್ತಾದ ದಿನ ಅಕ್ಕ ದಾರಿಲಿ ಸಿಕ್ಕವರಿಗೆಲ್ಲ ನಗ್ತಾ ಹೇಳ್ಕೊಂಡು ಬಂದಳಂತೆ. ಯಾಕೆ?"



*

ಆ ದಿನ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರು, ಚಿಕ್ಕ ವಯಸ್ಸಿನ ಹೆಂಗಸು, ಹೇಗೆ ನೋಯುತ್ತದೆಂದು ಅವಳನ್ನು ಕೇಳಿದ್ದರು. ಬಟ್ಟೆಗೆ ದಾರ ಓಡಿಸಿ ತುದಿ ಎಳೆದರೆ ನೆರಿಗೆ ಕೂಡುತ್ತದಲ್ಲ, ಒಳಗೆ ಹಾಗೆ ಎಂದಳು. ಗಂಡನಿಗೆ ನಗು ತಡೆಯಲಿಲ್ಲ. ಡಾಕ್ಟರು ನಗಲಿಲ್ಲ.

"ಎಲ್ಲಿಂದ ಎಲ್ಲಿಗೆ ಎಳೆಯುತ್ತೆ?"

ಅವಳು ಪಕ್ಕೆಯಿಂದ ಹೊಕ್ಕುಳವರೆಗೆ ಬೆರಳಾಡಿಸಿದಳು. ಸ್ಕ್ಯಾನಿನಲ್ಲಿ ಕರುಳು ಅಲ್ಲೇ ಮುದುಡಿ ಕಿರಿದಾಗಿರುವುದು ಕಂಡಿತು. ಬಹಳ ತಡವಾಗಿದೆ, ಇದು ಹೆತ್ತವರಿಂದ ಮಕ್ಕಳಿಗೆ ಬರುವುದೂ ಉಂಟು ಎಂದರು ಡಾಕ್ಟರು.

ಹೊರಗೆ ಬಂದವಳೇ ಗಂಡನ ತೋಳು ಹಿಡಿದು, "ಇದೆಯಂತೆ ರೀ," ಎಂದಳು, ಪರೀಕ್ಷೆ ಪಾಸಾದವಳ ಹಾಗೆ.

*

ಸ್ಮಶಾನಕ್ಕೆ ಒಯ್ಯುವ ಗಾಡಿ ಬಂದು ಬಾಗಿಲ ಮುಂದೆ ಗುರುಗುಡುತ್ತಾ ನಿಂತಿತು. ಎಲ್ಲರೂ ಎದ್ದರು. ಮಗಳು ಮಾತ್ರ ಗೋಡೆಗೆ ಕೈಯೂರಿ ಬಾಗಿಬಿಟ್ಟಿದ್ದಳು. ಎಷ್ಟೋ ತಿಂಗಳಿಂದ ಹಲ್ಲುಕಚ್ಚಿ ನೋವು ಮುಚ್ಚಿಟ್ಟಿದ್ದಳು. ಅಮ್ಮನ ಹೆಸರು ತನಗೂ ಅಂಟಿಕೊಂಡೀತೆಂದು ಭಯ.

"ಏನಾಯ್ತೇ?" ಎಂದ ಅಪ್ಪ.

"ಏನಿಲ್ಲಪ್ಪ."

ಆಡಿದ ಮೇಲೆ ಆ ಮಾತು ಇಬ್ಬರಿಗೂ ಕೇಳಿಸಿತು. ಹೊಸ್ತಿಲು ದಾಟುತ್ತಿದ್ದವನು ತಿರುಗಿ ಬಂದು, ಮೊಣಕಾಲು ಹಿಡಿದುಕೊಂಡು, ಅವಳೆದುರು ನೆಲದ ಮೇಲೆ ಕೂತ.

"ಎಲ್ಲಿ ಮಗಾ? ಹೇಳು, ನಾನು ನಗಲ್ಲ."

ಹೊತ್ತಾಯಿತೆಂದು ಹೊರಗಿನಿಂದ ಯಾರೋ ಕರೆದರು. ಅವನು ಏಳಲಿಲ್ಲ. ಮತ್ತೊಮ್ಮೆ ಕರೆದರು. ಆಮೇಲೆ ಗಾಡಿಯವನು ಎಂಜಿನ್ ಆರಿಸಿದ.