ಎಂಟು ನಿಮಿಷದ ಪಾಠ

ಮೇಷ್ಟ್ರ ಬೆರಳು ನೀರಿನ ಲೋಟವನ್ನು ಮೇಜಿನ ಮೇಲೆ ಮೆಲ್ಲಗೆ ಆಚೆ ಸರಿಸುತ್ತಿದೆ, ಅರ್ಧ ಲೋಟ ಸಾಕು, ತುಂಬಿಟ್ಟರೆ ನಮ್ಮ ಮುಖಕ್ಕೇ ಬೀಳುತ್ತೆ, ತರಗತಿ ಗೊಳ್ಳೆಂದು ನಗುತ್ತದೆ, ಮೊದಲ ಬೆಂಚಿನ ಹುಡುಗಿ, ಅವಳ ಕೈ ಮಾತ್ರ ಬರೆದುಕೊಳ್ಳುತ್ತದೆ — ಲೋಟ, ಅರ್ಧ — ಏನು ಹೇಳಿದರೂ ಬರೆದುಕೊಂಡು ಮಾನವ ಸಂಪನ್ಮೂಲ ವಿಭಾಗಕ್ಕೇ ಮೊದಲು ಬಂದ ಕೈ, ಸ್ನಾತಕೋತ್ತರ ಪದವಿಗೆ ಇನ್ನು ಮೂರೇ ತಿಂಗಳು, ಇವತ್ತಿನ ಪಾಠ ಬೀಳ್ಕೊಡುಗೆ ಸಂದರ್ಶನ, ಅಂದರೆ ಎದುರು ಕೂರಿಸಿ ಕೆಲಸದಿಂದ ತೆಗೆಯುವುದು, ಆಹಾ ಏನು ಹೆಸರು, ಕತ್ತು ಹಿಸುಕುವುದಕ್ಕೆ ಕೊರಳು ಸವರುವುದು ಅಂದ ಹಾಗೆ, ಎಂಟು ನಿಮಿಷ ಮೀರಬಾರದು, ಕ್ಷಮಿಸಿ ಅನ್ನಬಾರದು, ಅಂದರೆ ತಪ್ಪು ನಮ್ಮ ತಲೆಗೆ ಬರುತ್ತೆ, ಕೊನೆಗೆ ಈ ವಾಕ್ಯ, ಎಲ್ಲರೂ ಓದಿ, ಪರದೆಯ ಮೇಲೆ ದಪ್ಪ ಅಕ್ಷರ: ನಿಮ್ಮ ಕೊಡುಗೆಯನ್ನು ಸಂಸ್ಥೆ ಸದಾ ನೆನೆಯುತ್ತದೆ — ಪೆನ್ನು ನಿಂತಿತು. ಈ ವಾಕ್ಯ ಅವಳಿಗೆ ಗೊತ್ತು. ಅಮ್ಮನ ಬಾಯಲ್ಲಿ ಕೇಳಿದ್ದಳು, ನಾಲ್ಕು ವರ್ಷದ ಹಿಂದೆ, ಔಷಧಿ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷ ಸೀಸೆಗಳಿಗೆ ಚೀಟಿ ಅಂಟಿಸಿದ ಅಮ್ಮ ನಡುಮಧ್ಯಾಹ್ನವೇ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ, ಕೆಲಸ ಹೋಯ್ತು ಕಣೇ, ಆದ್ರೆ ಆ ಸಾಹೇಬ್ರು ಎಷ್ಟು ಚೆನ್ನಾಗಿ ಮಾತಾಡಿದ್ರು ಗೊತ್ತಾ, ನೀರು ಕೊಟ್ರು, ನಿಮ್ಮ ಕೊಡುಗೆಯನ್ನ ಸಂಸ್ಥೆ ಸದಾ ನೆನೆಯುತ್ತೆ ಅಂದ್ರು, ನನಗೇ ಅಂತ ಹೇಳಿದ್ದು — ನನಗೇ ಅಂತ! ಚಿಕ್ಕಮ್ಮನಿಗೆ ಹೇಳಿದಳು, ಪಕ್ಕದ ಮನೆಗೆ ಹೇಳಿದಳು, ಒಂದಕ್ಷರ ತಪ್ಪದೆ, ಪದಕ ತೋರಿಸುವಂತೆ ತೋರಿಸಿದಳು, ಅದು ನಮ್ಮ ಪಠ್ಯಪುಸ್ತಕದ ನೂರ ನಲವತ್ಮೂರನೇ ಪುಟ, ಅಮ್ಮಾ, ಎಲ್ಲರಿಗೂ ಒಂದೇ ಅಚ್ಚು, ನೀನು ಅಂಟಿಸುತ್ತಿದ್ದ ಚೀಟಿಯ ಹಾಗೆಯೇ ನಿನ್ನ ಹಣೆಗೂ ಒಂದು ಅಂಟಿಸಿ ಕಳಿಸಿದರು, ನಾನು ಪೆದ್ದಿ ಅದನ್ನೇ ಬಾಯಿಪಾಠ ಮಾಡುತ್ತಿದ್ದೇನೆ. ನೀನು ಬಾಮ್ಮ, ನೀನೇ ಮ್ಯಾನೇಜರ್, ಕನ್ನಡಕದವನು ಕೆಲಸಗಾರ, ಎಂದು ಮೇಷ್ಟ್ರು ಕರೆಯುತ್ತಾರೆ, ಕಾಲು ಏಳುತ್ತದೆ, ಈ ಓದಿಗೆ ಸೇರಿದ ದಿನ ಅಮ್ಮ ಹೇಳಿದ್ದು ಒಂದೇ ಮಾತು, ನೀನಾದ್ರೂ ಮೇಜಿನ ಆ ಕಡೆ ಕೂತ್ಕೋ — ಆ ಕಡೆಯ ಕುರ್ಚಿಗೆ ಕೈಗಳಿವೆ, ಚಕ್ರಗಳಿವೆ, ಅವಳು ಈ ಕಡೆಯ ಬೋಳು ಕುರ್ಚಿಯಲ್ಲಿ ಕುಳಿತಳು. ಅದಲ್ಲಮ್ಮ, ನಿಂದು ಆ ಕಡೆ. ಇಲ್ಲೇ ಇರ್ಲಿ ಸರ್. ಕನ್ನಡಕದವನು ತಬ್ಬಿಬ್ಬಾಗಿ ಚಕ್ರದ ಕುರ್ಚಿಗೆ ಹೋದ, ಪಾಪ, ನೀರು ಸರಿಸಿದ, ಪುಟ ತಿರುಗಿಸಿದ, ನಿಮ್ಮ ಕೊಡುಗೆಯನ್ನು ಸಂಸ್ಥೆ ಸದಾ — ಯಾವ ಕೊಡುಗೆ? ಎಂದಳು. ಏನು? ಇಪ್ಪತ್ತೊಂದು ವರ್ಷ ನಾನು ಏನು ಕೆಲಸ ಮಾಡಿದೆ, ಹೇಳಿ, ಸದಾ ನೆನೆಯೋರಲ್ವಾ ನೀವು. ಅವನು ಪುಸ್ತಕ ನೋಡಿದ, ಮೇಷ್ಟ್ರನ್ನು ನೋಡಿದ, ಅದು ಇಲ್ಲಿ ಕೊಟ್ಟಿಲ್ಲ ಸರ್, ಯಾರೋ ಕಿಸಕ್ಕೆಂದರು, ಯಾರೂ ಜೊತೆಗೂಡಲಿಲ್ಲ. ಭಾವನೆಯನ್ನ ಹೊರಗಿಟ್ಟು ಬರಬೇಕಮ್ಮ, ಎಂಟು ನಿಮಿಷ ಆಯ್ತು, ಎದ್ದೇಳು. ಏಳಲ್ಲ ಸರ್. ಅಂಕ ಕಳೀತೀನಿ. ಕಳೀರಿ. ಏಳದಿದ್ರೆ ಏನು ಮಾಡ್ಬೇಕು ಅಂತ ಎಷ್ಟನೇ ಪುಟದಲ್ಲಿದೆ ಸರ್? ಮೇಷ್ಟ್ರು ಪುಸ್ತಕದ ಪುಟ ಮಗುಚಿದರು, ಇಲ್ಲ, ಆ ಪುಟ ಇಲ್ಲ, ಯಾಕೆಂದರೆ ಎಲ್ಲರೂ ಎದ್ದುಬಿಡುತ್ತಾರೆ, ಬಯ್ಯದೆ, ಲೋಟ ಎರಚದೆ, ಅಮ್ಮನೂ ಎದ್ದಳು, ಅದನ್ನೂ ಹೇಳಿದ್ದಳಲ್ಲ, ಸುಮ್ಮನೆ, ಆ ದಿನ ಕೊನೆಗೆ ಚಪ್ಪಲಿ ಬಿಡುತ್ತ, ಬರೋವಾಗ ಕುರ್ಚೀನ ಮೇಜಿನೊಳಗೆ ತಳ್ಳಿ ಬಂದೆ ಕಣೇ, ಆಮೇಲೆ ಬರೋರಿಗೆ ಅಡ್ಡ ಆಗಬಾರ್ದಲ್ಲ — ಅಂಟು ಒಣಗಿ ಸಿಪ್ಪೆಯೆದ್ದ ಅಮ್ಮನ ಬೆರಳುಗಳು ಕುರ್ಚಿಯ ಬೆನ್ನಿನ ಪಟ್ಟಿಯನ್ನು ಹಿಡಿದು, ಸದ್ದಾಗದಂತೆ ಕೊಂಚ ಎತ್ತಿ, ಒಳಗೆ ತಳ್ಳುತ್ತವೆ, ಇವಳು ತಾನು ಕೂತ ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದಾಳೆ, ಆ ಬೆರಳುಗಳು ಮತ್ತೆ ಎತ್ತಿ, ಸದ್ದಾಗದಂತೆ, ತಳ್ಳುತ್ತವೆ, ಮತ್ತೆ ತಳ್ಳುತ್ತವೆ, ಕುರ್ಚಿಯನ್ನು, ಒಳಗೆ