ಬಾಗಿನ ಬಿಟ್ಟ ಈಜುಕೆರೆ

ಅಷ್ಟು ದೊಡ್ಡ ಗುಂಡಿ ತೋಡಿ, ತಳಕ್ಕೆ ಕರೀ ಪ್ಲಾಸ್ಟಿಕ್ ಹಾಸಿ, ಮೇಲೆ ಮರಳು ಸುರಿದು, ಬೋರ್‌ವೆಲ್ ನೀರು ತುಂಬಿಸಿ, ರಾಮಕೃಷ್ಣನಗರದ ಪಾರ್ಕಿನವರು ಅದಕ್ಕೆ ಈಜುಕೆರೆ ಅಂತ ಹೆಸರಿಟ್ಟರು. ಇಟ್ಟುಕೊಳ್ಳಲಿ ಬಿಡಿ, ಸಿದ್ದಲಿಂಗಮ್ಮನಿಗೆ ಹೆಸರಿನ ಮೇಲೆ ಯಾವ ತಕರಾರೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ನೀರು. ಆಸ್ಪತ್ರೆ ವಾರ್ಡಿನಲ್ಲಿ ನರ್ಸಾಗಿ ನಿಂತೂ ನಿಂತೂ ಅವಳ ಮಂಡಿಯೆರಡೂ ಸವೆದುಹೋಗಿದ್ದವು. "ದಿನಾ ಎದೆಮಟ್ಟದ ನೀರಲ್ಲಿ ನಡೀರಿ ಸಿಸ್ಟರ್, ಇಲ್ಲಾಂದ್ರೆ ಆಪರೇಷನ್ನೇ ಗತಿ" ಅಂದಿದ್ದರು ಡಾಕ್ಟರು. ಆಪರೇಷನ್ ಥಿಯೇಟರಿನ ಒಳಗೆ ಏನೇನಾಗುತ್ತೆ ಅಂತ ಕಣ್ಣಾರೆ ಕಂಡವಳಿಗೆ ಆ ಮಾತು ಕೇಳಿದರೇ ಎದೆ ಝಲ್ ಅನ್ನುತ್ತಿತ್ತು. ಹಾಗಾಗಿ ಗುಂಡಿ ತೋಡೋಕೆ ಶುರುವಾದಾಗಿನಿಂದಲೂ ಅವಳು ಕಾದಿದ್ದಳು. ಸೊಸೆ ಅನುಪಮಾ ತುಂಬುತೋಳಿನ ಈಜುಡುಪು ತಂದುಕೊಟ್ಟಾಗ ನಾಚಿ ನಕ್ಕಿದ್ದಳು.

ಅಷ್ಟರಲ್ಲಿ ಪಾರ್ಕಿನ ಸಂಘದ ಅಧ್ಯಕ್ಷ ವಿಜಯ್‌ಕುಮಾರ್‌ಗೆ ಒಂದು ಘನಂದಾರಿ ಯೋಚನೆ ಬಂತು. ಕನ್ನಂಬಾಡಿ ತುಂಬಿದಾಗ ಬಾಗಿನ ಬಿಡ್ತಾರಲ್ಲ, ನಾವ್ಯಾಕೆ ಬಿಡಬಾರದು? ಅಲ್ರೀ, ಅಲ್ಲಿ ತುಂಬೋದು ಕಾವೇರಿ, ಇಲ್ಲಿ ತುಂಬಿಸಿದ್ದು ಮೋಟಾರು! ಆದರೆ ಅಧ್ಯಕ್ಷರಿಗೆ ಹೇಳೋರು ಯಾರು? ಭಾನುವಾರ ಪುರೋಹಿತರು ಬಂದರು, ವಾಲಗದವರು ಬಂದರು. ಜರಿಪೇಟ ಸುತ್ತಿಕೊಂಡ ವಿಜಯ್‌ಕುಮಾರ್ ಸೀರೆ, ಬಳೆ, ಅರಿಶಿನ ಕುಂಕುಮ ತುಂಬಿದ ಜೋಡಿ ಮೊರವನ್ನು ನೀರಿಗೆ ಬಿಟ್ಟು, ಮೊಬೈಲುಗಳ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಂಡರು.

ಸೋಮವಾರ ಬೆಳಿಗ್ಗೆ ಅತ್ತೆ ಸೊಸೆ ಹೋಗಿ ನೋಡಿದರೆ ಕೆರೆಯ ಸುತ್ತ ಹಗ್ಗ. ಹಗ್ಗದ ಈಚೆ ಸಾಲಾಗಿ ಚಪ್ಪಲಿಗಳು. ಆಳ ಎಷ್ಟು ಅಂತ ಬರೆದ ಬೋರ್ಡಿಗೆ ಹೂವಿನ ಹಾರ. ಇಬ್ಬರು ಹೆಂಗಸರು ನೀರನ್ನು ತಲೆಗೆ ಚಿಮುಕಿಸಿಕೊಂಡು ಮರಳಲ್ಲಿ ಊದುಬತ್ತಿ ಸಿಕ್ಕಿಸುತ್ತಿದ್ದರು. ವಾಚ್‌ಮನ್ ಲಿಂಗರಾಜು ಓಡಿ ಬಂದ.

"ಇಳಿಯಂಗಿಲ್ಲ ಕಣಮ್ಮ. ಗಂಗಮ್ಮ ನೆಲೆಗೊಂಡವಳಂತೆ. ಕಾಲಿಕ್ಕಬ್ಯಾಡಿ ಅಂದವರೆ."

"ಈಜುಕೆರೇಲಿ ಈಜದೆ ಇನ್ನೇನಪ್ಪ ಮಾಡೋದು?"

"ಕೈ ಮುಗೀಬೋದು" ಅಂದ ಲಿಂಗರಾಜು. ಪಾಪ, ಅವನಿಗೂ ನಗು ಬಂತು.

ವಾಕಿಂಗ್ ಶೂ ಹಾಕಿಕೊಂಡು ಸುತ್ತು ಹೊಡೆಯುತ್ತಿದ್ದ ವಿಜಯ್‌ಕುಮಾರ್ ಹತ್ತಿರ ಬಂದರು. ಸಿದ್ದಲಿಂಗಮ್ಮ ಮಂಡಿನೋವು, ಡಾಕ್ಟರ ಮಾತು ಎಲ್ಲಾ ಹೇಳಿದಳು. ಅವರು ಬಲು ನಯವಾಗಿ ಕೇಳಿಸಿಕೊಂಡರು. ನಯಕ್ಕೇನು ಕಮ್ಮಿ!

"ಜನರ ಭಾವನೆ ಅಮ್ಮ, ಏನು ಮಾಡೋದು ಹೇಳಿ. ಪೂಜೆ ಆಗಿರೋ ನೀರು. ಯಾರ್ಯಾರೋ ಇಳಿದು ಮೈಲಿಗೆ ಆಗೋದು ಬೇಡ ಅಂತ ಅಷ್ಟೇ."

ಮೈಲಿಗೆ. ನಂಜನಗೂಡಿನ ಆಚೆಯ ಹಳ್ಳಿಯಲ್ಲಿ, ಸಿದ್ದಲಿಂಗಮ್ಮನ ಕೇರಿಯ ಹೆಣ್ಣುಮಕ್ಕಳು ಕೊಡ ಹಿಡಿದು ಕೆರೆಯಿಂದ ದೂರ ನಿಂತು ಕೇಳಿದ್ದ ಮಾತು ಅದು. ನಗರಕ್ಕೆ ಬಂದು, ಓದಿ, ಜಾತಿ ಕೇಳದೆ ಎಲ್ಲರ ಗಾಯ ತೊಳೆದು, ಈಗ ಭಾನುವಾರ ಬುದ್ಧವಿಹಾರಕ್ಕೆ ಹೋಗಿ ನೆಮ್ಮದಿಯಾಗಿ ಕೂತು ಬರೋ ಕಾಲಕ್ಕೆ, ಇಗೋ ಇಲ್ಲೂ ಬಂತು. ಅದೂ ಮೋಟಾರು ನೀರಿನಲ್ಲಿ!

"ಅತ್ತೆ, ಬನ್ನಿ, ಬೇಡ" ಅಂತ ಅನುಪಮಾ ಕೈ ಹಿಡಿದಳು.

"ಬುಡವ್ವ" ಅಂತ ಕೈ ಬಿಡಿಸಿಕೊಂಡಳು ಸಿದ್ದಲಿಂಗಮ್ಮ. "ನಮ್ಮೂರ ಕೆರೆಗೂ ಇಂಗೇ ಪೂಜೆ ಮಾಡೋರು ಸಾರ್. ಅದ್ರಲ್ಲಿ ಎಮ್ಮೆ ಇಳೀತಿದ್ದೊ. ನಾವು ಇಳಿಯಂಗಿರ್ಲಿಲ್ಲ."

ವಿಜಯ್‌ಕುಮಾರ್ ಮುಖ ಕಪ್ಪಿಟ್ಟಿತು. "ಅಯ್ಯೋ, ನಾನು ಆ ಅರ್ಥದಲ್ಲಿ ಹೇಳಲಿಲ್ಲಮ್ಮ!"

"ಮತ್ತೆ ಯಾವ ಅರ್ಥದಲ್ಲಿ?"

ಅಧ್ಯಕ್ಷರು ಲಿಂಗರಾಜುವಿನ ಮುಖ ನೋಡಿದರು. ಲಿಂಗರಾಜು ಮರದ ಮೇಲಿನ ಕಾಗೆ ನೋಡಿದ. ಸಿದ್ದಲಿಂಗಮ್ಮ ಚಪ್ಪಲಿ ಬಿಟ್ಟು, ಸೀರೆ ಬಿಚ್ಚಿ ಸೊಸೆಯ ಕೈಗಿತ್ತು, ಒಳಗೆ ತೊಟ್ಟುಬಂದಿದ್ದ ಈಜುಡುಪಿನಲ್ಲಿ ಹಗ್ಗದ ಕೆಳಗೆ ನುಸುಳಿದಳು. ವಯಸ್ಸಾದವರಿಗೆ ಅಂತಲೇ ಕಂಬಿ ಹಾಕಿದ್ದ ಇಳಿಜಾರಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟಳು. ಊದುಬತ್ತಿಯವರು ಅಯ್ಯಯ್ಯೋ ಅಂದರು. ನೀರು ಮಂಡಿ ಮುಚ್ಚಿತು, ಸೊಂಟ ಮುಚ್ಚಿತು, ಎದೆಗೆ ಬಂತು. ಮೈಭಾರ ಪೂರಾ ಇಳಿದುಹೋಯಿತು. ಎಷ್ಟೋ ವರ್ಷದ ಮೇಲೆ ಮೊದಲ ಸಲ ನೋಯದೆ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಅವಳಿಗೆ ಅಳುವೇ ಬಂತು.

ಹಾಗೆ ನಡೆಯುತ್ತ ಕಂಬಿಯ ಕೊನೆಗೆ ಬಂದರೆ, ನಿನ್ನೆಯ ಬಾಗಿನದ ಮೊರ ತೇಲಿಕೊಂಡು ಬಂದು ಎದುರಿಗೇ ನಿಂತಿದೆ. ಪಕ್ಕಕ್ಕೆ ಸರಿಸೋಣ ಅಂತ ಅವಳು ಕೈ ನೀಡಿದಳು.

"ಮುಟ್ಟಬೇಡಿ! ಮುಟ್ಟಬೇಡಿ!"

ವಿಜಯ್‌ಕುಮಾರ್ ಕಿರುಚಿಕೊಂಡು ಹಗ್ಗ ದಾಟಿ ದಡಬಡ ನುಗ್ಗಿದರು. ಅವಳ ಬೆರಳು ತಾಗೋದರೊಳಗೆ ಮೊರ ಕಿತ್ತುಕೊಂಡು ಎದೆಗವಚಿಕೊಂಡರು. ಆಮೇಲೆ ತಮ್ಮ ಕಾಲ ಕಡೆ ನೋಡಿಕೊಂಡರು. ಪಾರ್ಕೆಲ್ಲಾ ಸುತ್ತಿ ಬಂದ ಕೆಸರು ಶೂ ಸಮೇತ, ಎದೆಯವರೆಗೆ, ತಮ್ಮದೇ ಗಂಗಮ್ಮನ ನಟ್ಟನಡುವೆ ನಿಂತಿದ್ದರು.

ಸಿದ್ದಲಿಂಗಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹೊರಗೆ ಹೋಗಿ ಶೂ ಬಿಚ್ಚಿಟ್ಟು ಬನ್ನಿ ಸಾರ್" ಅಂದಳು. "ಜನ ಇಳಿಯೋ ನೀರು ಇದು."